ಸಾಣೆಯಕ್ಕ ಹೊಸ್ತಿಲ ಮೇಲೆ ಕೂತದ್ದು

ಈಕೆಯನ್ನು ತಕ್ಕಡಿಗೆ ಹಾಕಿದರೆ ನಲವತ್ತೈದು ಕಿಲೋ ತೂಗಬಹುದು. ಅದರಲ್ಲಿ ಐದು ಕಿಲೋ ಬರೀ ಹಟ. ಎತ್ತರ ಎಷ್ಟೆಂದರೆ, ಅಂಗಡಿಯ ಕೌಂಟರಿನ ಆಚೆ ನಿಂತರೆ ತಲೆ ಮತ್ತು ಭುಜ ಮಾತ್ರ ಕಾಣುತ್ತವೆ. ವಯಸ್ಸು ಅರವತ್ತಕ್ಕೆ ಎರಡು ಕಮ್ಮಿ. ಕನ್ನಡಕದ ಒಂದು ಕಾಲು ಮುರಿದಿದೆ, ಆ ಜಾಗದಲ್ಲಿ ದಾರವಿದೆ. ಮೇಲಿನ ಸಾಲಿನಲ್ಲಿ ಒಂದು ಹಲ್ಲು ಖಾಲಿ. ಆ ಸಂದಿಯಿಂದ ಮಾತು ಸಣ್ಣಗೆ ಶಿಳ್ಳೆ ಹೊಡೆದುಕೊಂಡೇ ಬರುತ್ತದೆ, ಬಂದಮೇಲೆ ಯಾರಿಗಾದರೂ ನಾಟದೆ ಕೆಳಗೆ ಬೀಳುವುದಿಲ್ಲ. ಬೆರಳ ತುದಿಗಳು ಉಜ್ಜಿ ಉಜ್ಜಿ ನುಣ್ಣಗಾಗಿವೆ. ಸರ್ಕಾರಿ ಕಚೇರಿಯ ಬೆರಳ ಗುರುತು ಹಿಡಿಯುವ ಯಂತ್ರದ ಮೇಲೆ ಇಟ್ಟರೆ ಅದು ‘ಮತ್ತೊಮ್ಮೆ ಪ್ರಯತ್ನಿಸಿ’ ಅನ್ನುತ್ತದೆ. ‘ನೀನೇ ಪ್ರಯತ್ನಿಸು, ನಾನು ನಲವತ್ತು ವರ್ಷದಿಂದ ಮಾಡ್ತಾನೇ ಇದೀನಿ’ ಅಂತ ಯಂತ್ರವನ್ನೇ ಗದರಿಸಿ ಎದ್ದು ಬಂದವಳು ಈಕೆ.

ಇಂಥ ಮಾಲನ್ನು ಬುದ್ಧಿಯಿರುವ ಯಾವ ವ್ಯಾಪಾರಿಯೂ ಕೈಯಲ್ಲಿ ಮುಟ್ಟುವುದಿಲ್ಲ. ಹೊಳಪಿಲ್ಲ, ಚೌಕಾಸಿಗೆ ಬಗ್ಗುವುದಿಲ್ಲ, ಒಮ್ಮೆ ತಂದರೆ ವಾಪಸ್ ಮಾಡುವ ಹಾಗೂ ಇಲ್ಲ. ಎದುರು ಸಾಲಿನ ಹಾರ್ಡ್‌ವೇರ್ ಅಂಗಡಿಯವನು ಅವಳನ್ನು ಮೊದಲ ಸಲ ನೋಡಿದಾಗ ಹೀಗೇ ಅಳೆದಿದ್ದ, ಅಳೆದು ಪಕ್ಕಕ್ಕಿಟ್ಟಿದ್ದ. ಇದನ್ನು ಬರೆಯುತ್ತಿರುವವನು ಆ ಅಂಗಡಿಯವನೇ. ಆದರೂ ಅವನನ್ನು ಇಲ್ಲಿ ‘ಅವನು’ ಅಂತಲೇ ಕರೆಯುವುದು ಒಳ್ಳೆಯದು. ‘ನಾನು’ ಅಂದುಬಿಟ್ಟರೆ ತನ್ನ ತಪ್ಪಿಗೆ ರಿಯಾಯಿತಿ ಕೊಟ್ಟುಕೊಳ್ಳುವ ಆಸೆ ಅವನಿಗಿದೆ.

ಬೀದಿಯವರಿಗೆಲ್ಲ ಅವಳು ಸಾಣೆಯಕ್ಕ. ಅವಳ ತಮ್ಮನದು ನಾಲ್ಕು ಕುರ್ಚಿಯ ಕ್ಷೌರದಂಗಡಿ. ಮುಂದೆ ಕನ್ನಡಿ, ಕುರ್ಚಿ, ಸೋಪಿನ ಪರಿಮಳ, ಕಾಯುವವರಿಗೆ ಒಂದು ಬೆಂಚು, ಬೆಂಚಿನ ಮೇಲೆ ಮೂಲೆ ಸುರುಟಿದ ಪತ್ರಿಕೆಗಳು. ಹಿಂದೆ ಒಂದು ಪರದೆ. ಪರದೆಯ ಆಚೆ ಆರಡಿಗೆ ಎಂಟಡಿ ಕೋಣೆ, ಒಂದು ನಲ್ಲಿ, ಒಂದು ಕಿಟಕಿ, ಕಿಟಕಿಯ ಕೆಳಗೆ ಒಂದು ಗಿಡ್ಡ ಮಣೆ. ಆ ಮಣೆಯ ಮೇಲೆ ಸಾಣೆಯಕ್ಕ. ತಮ್ಮನ ಅಂಗಡಿಯ ಕತ್ತಿಗಳಷ್ಟೇ ಅಲ್ಲ, ಸುತ್ತಮುತ್ತಲಿನ ಇನ್ನೂ ಹತ್ತು ಅಂಗಡಿಗಳ ಕ್ಷೌರದ ಕತ್ತಿಗಳು ಅಲ್ಲಿಗೇ ಬರುತ್ತಿದ್ದವು. ಹಿಡಿಯೊಳಗೆ ಮಡಚಿಕೊಳ್ಳುವ ಹಳೇ ಕಾಲದ ಉದ್ದನೆಯ ಕತ್ತಿಗಳು. ಬಟ್ಟೆಯಲ್ಲಿ ಸುತ್ತಿಕೊಂಡು ಮೊಂಡಾಗಿ ಬರುತ್ತಿದ್ದವು, ಸುತ್ತಿಕೊಂಡೇ ಹರಿತವಾಗಿ ಹೋಗುತ್ತಿದ್ದವು. ಮುಂದಿನ ಕುರ್ಚಿಗಳಲ್ಲಿ ಗಲ್ಲ ಎತ್ತಿ ಕೂತ ಗಿರಾಕಿಗಳಿಗೆ ಪರದೆಯ ಹಿಂದೆ ಒಬ್ಬ ಹೆಂಗಸಿದ್ದಾಳೆ ಅನ್ನುವುದೇ ಗೊತ್ತಿರಲಿಲ್ಲ. ‘ಏನಪ್ಪ ನಿನ್ನ ಕೈ, ಬೆಣ್ಣೆ’ ಅಂತ ತಮ್ಮನನ್ನು ಹೊಗಳುತ್ತಿದ್ದರು. ತಮ್ಮ ಕನ್ನಡಿಯಲ್ಲಿ ನಗುತ್ತಿದ್ದ. ಪರದೆಯ ಹಿಂದೆ ಅಕ್ಕ ‘ಬೆಣ್ಣೆಯಂತೆ!’ ಅಂತ ಮೂಗು ಮುರಿಯುತ್ತಿದ್ದಳು.

ತಮ್ಮನ ಕೈ ಒಳ್ಳೆಯದೇ. ಗಿರಾಕಿಯ ಕೆನ್ನೆಯ ಮೇಲೆ ಅದು ಹತ್ತಿಯ ಹಾಗೆ ಓಡಾಡುತ್ತದೆ. ಆದರೆ ಕಲ್ಲಿನ ಮೇಲೆ ಇಟ್ಟರೆ ಅದೇ ಕೈ ಗಾರೆಯವನ ಕೈ. ಅವರಪ್ಪನಿಗೆ ಇದು ಮಗನ ಹತ್ತನೇ ವಯಸ್ಸಿಗೇ ಗೊತ್ತಾಗಿತ್ತು. ‘ಒತ್ತಬೇಡ್ವೋ, ಕತ್ತಿಯ ಭಾರವೇ ಸಾಕು’ ಅಂತ ಎಷ್ಟು ಸಲ ಹೇಳಿದರೂ ಹುಡುಗ ಒತ್ತಿದ. ನೀರು ತಂದುಕೊಡಲು ಪಕ್ಕದಲ್ಲಿ ನಿಂತಿದ್ದ ಮಗಳು, ಯಾರೂ ಕೇಳದೇ ಇದ್ದರೂ, ಒಂದು ದಿನ ಕೂತು ಒಂದು ಕತ್ತಿ ಮಸೆದಳು. ಅಪ್ಪ ತನ್ನ ಕುತ್ತಿಗೆಯ ಹಿಂದಿನಿಂದ ಒಂದು ಕೂದಲು ಕಿತ್ತು, ಬುಡದ ಕಡೆ ಹಿಡಿದು ಅಲಗಿನ ಮೇಲೆ ಇಳಿಬಿಟ್ಟ. ಕೂದಲು ಸದ್ದಿಲ್ಲದೆ ಎರಡಾಯಿತು. ಅಪ್ಪ ಎದ್ದುಹೋಗಿ ಮಣೆಯ ಕಾಲು ಎರಡಿಂಚು ಕತ್ತರಿಸಿಕೊಂಡು ಬಂದ, ಅವಳ ಎತ್ತರಕ್ಕೆ ಸರಿಯಾಗಲಿ ಅಂತ.

ಮುಂದಿನ ಕುರ್ಚಿಗಳು ಮಗನಿಗೆ, ನಲ್ಲಿಯ ಕೋಣೆ ಮಗಳಿಗೆ. ಅಪ್ಪ ಬಾಯಿಮಾತಲ್ಲಿ ಹೇಳಿದ, ಇಬ್ಬರೂ ಹೂಂ ಅಂದರು.

ಮದುವೆಯ ಮಾತೂ ಒಮ್ಮೆ ಬಂದಿತ್ತು. ಗಂಡಿನ ಕಡೆಯವರು ಮನೆಗೆ ಬಂದು ಕೂತಿದ್ದರು. ಹುಡುಗ ನೋಡಲು ಲಕ್ಷಣವಾಗಿದ್ದ, ಒಳ್ಳೆಯ ಕೆಲಸದಲ್ಲಿದ್ದ. ಕಿಟಕಿಯ ಕಟ್ಟೆಯ ಮೇಲೆ ಅವಳು ಅಂಗಡಿಯಲ್ಲಿ ಮಸೆದು ತಂದಿಟ್ಟ ಕತ್ತಿಯಿತ್ತು. ಹುಡುಗ ಸುಮ್ಮನಿರಲಾರದೆ ಅದನ್ನು ತೆಗೆದು, ಬಿಚ್ಚಿ, ಹೆಬ್ಬೆರಳನ್ನು ಅಲಗಿನ ಮೇಲೆ ಎಳೆದು, ‘ಪರವಾಗಿಲ್ಲ, ಹರಿತವಾಗಿದೆ’ ಅಂದ. ಒಂದು ಗಂಟೆಯ ಕೆಲಸ ಆ ಒಂದು ಎಳೆತಕ್ಕೆ ಹಾಳು. ಕೊನೆಯ ಕಲ್ಲಿನ ಮೇಲೆ ಬಂದ ಅಂಚು ಎಷ್ಟು ತೆಳು ಅಂದರೆ ಹೆಬ್ಬೆರಳ ಚರ್ಮಕ್ಕೇ ಮಡಚಿಕೊಂಡುಬಿಡುತ್ತದೆ. ಹುಡುಗಿ ಒಳಗಿನಿಂದ ಬಂದು ಅವನ ಕೈಯಿಂದ ಕತ್ತಿ ಕಿತ್ತುಕೊಂಡಳು. ‘ಕೇಳದೆ ಹೆಬ್ಬೆರಳು ಹಾಕೋನ ಜೊತೆ ನಾನು ಸಂಸಾರ ಮಾಡಲ್ಲ’ ಅಂದಳು. ಮನೆಯವರು ಅತ್ತರು, ಬೈದರು, ವಾರಗಟ್ಟಲೆ ಮುಖ ಗಂಟು ಹಾಕಿಕೊಂಡರು. ಅವಳು ಸೊಪ್ಪು ಹಾಕಲಿಲ್ಲ. ಆಮೇಲೆ ಬಂದ ಗಂಡುಗಳ ಮುಂದೆ ಬೇಕಂತಲೇ ಒಂದು ಕತ್ತಿ ಇಡುತ್ತಿದ್ದಳಂತೆ. ಒಬ್ಬನೂ ಪಾಸಾಗಲಿಲ್ಲ.

ಅಂದಹಾಗೆ ಹಾರ್ಡ್‌ವೇರ್ ಅಂಗಡಿಯವನೂ ಅವಳ ಕೋಣೆಗೆ ಮೊದಲ ಸಲ ಹೋದಾಗ ಮಾಡಿದ್ದು ಅದನ್ನೇ. ಮಣೆಯ ಪಕ್ಕದಲ್ಲಿದ್ದ ಕತ್ತಿ ಎತ್ತಿದ, ಹೆಬ್ಬೆರಳು ಚಾಚಿದ. ಬೆರಳು ಅಲಗನ್ನು ಮುಟ್ಟುವ ಮೊದಲೇ ಒದ್ದೆ ಕಲ್ಲೊಂದು ಅವನ ಗೆಣ್ಣಿಗೆ ಟಪ್ಪನೆ ಬಡಿಯಿತು.

‘ಸಾಹುಕಾರ, ನಿನ್ನ ಅಂಗಡೀಲಿ ಬಲ್ಬ್ ಹತ್ತುತ್ತಾ ಅಂತ ಕಲ್ಲು ಹೊಡೆದು ನೋಡ್ತೀಯಾ?’

‘ನೋವಾಗತ್ತೆ ಅಕ್ಕ!’

‘ಕತ್ತಿಗೂ ಆಗ್ತಿತ್ತು.’

ಗೆಣ್ಣಿಗೆ ಬಡಿದದ್ದು ಮರಿ ಕಲ್ಲು. ಅದರ ತಾಯಿ ಮಣೆಯ ಮೇಲಿತ್ತು, ಅಂಗೈಯಗಲ, ಗೇಣುದ್ದ, ಹಸಿರು ಮಿಶ್ರಿತ ಬೂದು ಬಣ್ಣ, ಮುಟ್ಟಿದರೆ ಕಲ್ಲು ಅನ್ನಿಸದಷ್ಟು ನುಣುಪು. ಅದು ಅಂಗಡಿಯಲ್ಲಿ ಸಿಕ್ಕಿದ ಕಲ್ಲಲ್ಲ. ಬಹಳ ಹಿಂದೆ ಒಂದು ಹಳೆಯ ಶಾಲೆ ಕೆಡವುತ್ತಿದ್ದಾಗ ಅಪ್ಪ ಅದರ ಮೆಟ್ಟಿಲಿನ ಚಪ್ಪಡಿಯೊಂದರ ಮೇಲೆ ಉಗುಳು ಹಚ್ಚಿ, ಕಿಸೆಯ ಚಾಕು ಉಜ್ಜಿ ನೋಡಿ, ಇಬ್ಬರು ಕೂಲಿಗಳಿಂದ ಹೊರಿಸಿಕೊಂಡು ಬಂದಿದ್ದ. ಅದರ ತುದಿಯಿಂದ ಒಂದು ತುಂಡು ಕೊಯ್ಯಿಸಿದ, ಅದು ತಾಯಿ ಕಲ್ಲು. ಕೊಯ್ಯುವಾಗ ಉದುರಿದ ಚೂರು ಮರಿ ಕಲ್ಲು. ಉಳಿದ ನಾಲ್ಕಡಿ ಚಪ್ಪಡಿಯನ್ನು ಬಿಸಾಡಲು ಮನಸ್ಸಾಗದೆ ಅಂಗಡಿಯ ಬಾಗಿಲಿಗೆ ಹೊಸ್ತಿಲಾಗಿ ಹಾಕಿಸಿದ. ನಲವತ್ತು ವರ್ಷದಿಂದ ಗಿರಾಕಿಗಳು ಅದನ್ನು ಮೆಟ್ಟಿ ಮೆಟ್ಟಿ ಬಲಭಾಗ ತಟ್ಟೆಯ ಹಾಗೆ ತಗ್ಗಾಗಿದೆ. ಎಡಭಾಗ ಹಾಗೇ ಇದೆ, ಯಾಕೆಂದರೆ ಬಾಗಿಲಿನ ಎಡ ರೆಕ್ಕೆಯನ್ನು ಯಾರೂ ತೆಗೆಯುತ್ತಿರಲಿಲ್ಲ. ಅದರ ಹಿಂದೆ ಬೆಂಚು ಹಾಕಿದ್ದರು.

ಸಾಣೆಯಕ್ಕನ ಬಳಿ ಬೇರೆ ಕಲ್ಲುಗಳೂ ಇದ್ದವು. ಅಲಗು ಚಕ್ಕೆ ಎದ್ದಿದ್ದರೆ ಒರಟು ಕಲ್ಲು, ಆಮೇಲೆ ನಡುವಿನದು. ಅವು ಯಾರ ಹತ್ತಿರವೂ ಇರುತ್ತವೆ. ಕೊನೆಯ ಕೆಲಸ ಮಾತ್ರ ತಾಯಿ ಕಲ್ಲಿನದು. ಅದರ ಮೇಲೆ ನಾಲ್ಕು ಹನಿ ನೀರು ಬಿಟ್ಟು ಮರಿ ಕಲ್ಲಿನಿಂದ ಸುತ್ತಿ ಸುತ್ತಿ ಉಜ್ಜುತ್ತಾಳೆ. ಬೂದು ಬಣ್ಣದ ತೆಳು ಕೆಸರು ಏಳುತ್ತದೆ. ಅವಳು ಅದನ್ನು ಕೆಸರು ಅನ್ನುವುದಿಲ್ಲ. ‘ಹಾಲು’ ಅನ್ನುತ್ತಾಳೆ. ‘ಇವತ್ತು ಕಲ್ಲು ಚೆನ್ನಾಗಿ ಹಾಲು ಕೊಡ್ತಿದೆ.’ ಆ ಹಾಲಿನ ಮೇಲೆ ಕತ್ತಿಯನ್ನು ಮಲಗಿಸಬೇಕು, ದಪ್ಪ ಬೆನ್ನೂ ಹರಿತದ ಬಾಯಿಯೂ ಎರಡೂ ಕಲ್ಲಿಗೆ ತಾಗುವ ಹಾಗೆ. ಬಾಯಿ ಮುಂದಾಗಿ ತಳ್ಳಬೇಕು, ಕೊನೆ ಮುಟ್ಟಿದ ಮೇಲೆ ಬೆನ್ನಿನ ಮೇಲೆ ಹೊರಳಿಸಿ ವಾಪಸ್ ತರಬೇಕು. ಒತ್ತಬಾರದು. ಒಂದೊಂದೇ ಹನಿ ನೀರು ಸೇರಿಸುತ್ತಾ ಹೋದ ಹಾಗೆ ಹಾಲು ತೆಳುವಾಗುತ್ತದೆ, ಕೊನೆಗೆ ಬರೀ ನೀರು ಉಳಿಯುತ್ತದೆ. ಆಗ ಒಂದು ಕ್ಷಣ ಕಲ್ಲು ಕತ್ತಿಯನ್ನು ಬಿಡಲೊಲ್ಲೆ ಅನ್ನುವ ಹಾಗೆ ಹಿಡಿದುಕೊಳ್ಳುತ್ತದೆ, ಸದ್ದು ನಿಂತುಹೋಗುತ್ತದೆ. ಅಷ್ಟೇ. ಆಮೇಲೆ ಚರ್ಮದ ಪಟ್ಟಿಯ ಮೇಲೆ ಹತ್ತಿಪ್ಪತ್ತು ಸಲ ಎಳೆದರೆ ಮುಗಿಯಿತು. ಒಂದು ಕತ್ತಿಗೆ ಒಂದು ಗಂಟೆ.

ತಮ್ಮನ ತಕರಾರು ಇದ್ದದ್ದು ಆ ಒಂದು ಗಂಟೆಯ ಮೇಲೆ.

ಒಂದು ಸೋಮವಾರ ಬೆಳಿಗ್ಗೆ ಅಂಗಡಿಯ ಮುಂದೆ ಒಂದು ದೊಡ್ಡ ಡಬ್ಬ ಇಳಿಯಿತು. ಒಳಗೆ ಕರೆಂಟಿನ ಸಾಣೆ ಚಕ್ರ, ಅದಕ್ಕೆ ಸುತ್ತಲು ಉಣ್ಣೆಯ ಪಟ್ಟಿ, ಹಚ್ಚಲು ಹಸಿರು ಮುಲಾಮು. ಮಾರಿದವನು ಯಾರು ಅಂತ ಬೇರೆ ಹೇಳಬೇಕಿಲ್ಲ. ತಮ್ಮ ಪರದೆ ಸರಿಸಿ ಒಳಗೆ ಬಂದು, ಹೇಳಬೇಕಾದ್ದನ್ನು ನಲ್ಲಿಗೆ ಹೇಳಿದ, ಅಕ್ಕನ ಮುಖ ನೋಡಲು ಧೈರ್ಯ ಸಾಲದೆ.

‘ಐದೇ ನಿಮಿಷಕ್ಕೆ ಒಂದು ಕತ್ತಿ ಆಗತ್ತಂತೆ ಅಕ್ಕ. ಎಲ್ಲಾ ಅಂಗಡಿಯವರದ್ದೂ ನಾನೇ ಮುಂದೆ ಕೂತು ಮಾಡಿಕೊಡ್ತೀನಿ. ಈ ರೂಮಲ್ಲಿ ತಲೆ ತೊಳೆಯೋ ಕುರ್ಚಿ ಹಾಕಿಸೋಣ ಅಂತ. ನಲ್ಲೀನೂ ಇದೆಯಲ್ಲ.’

‘ನಾನೆಲ್ಲಿ ಕೂರಲಿ? ತೊಳೆಯೋ ಕುರ್ಚೀಲಾ?’

‘ಮನೇಲಿ ಆರಾಮಾಗಿರು. ಸಾಕಲ್ವಾ ನೀನು ದುಡಿದದ್ದು.’

‘ಆರಾಮು ಯಾರಿಗೆ? ನನಗೋ ನಿನಗೋ?’

‘ಅಕ್ಕ...’

‘ಈ ರೂಮು ನಂದು. ಅಪ್ಪ ಹೇಳಿದಾಗ ನೀನೂ ಹೂಂ ಅಂದಿದ್ದೆ.’

‘ಬಾಯಲ್ಲಿ ಹೇಳಿದ್ದು...’

‘ಬಾಯಲ್ಲೇ ಹೇಳಿದ. ಬೇರೆ ಎಲ್ಲಿಂದ ಹೇಳ್ತಾರೆ?’

ತಮ್ಮ ಕೆಟ್ಟವನಲ್ಲ. ಆದರೆ ಪರದೆಯ ಈಚೆ ನಿಂತಿದ್ದ ನಾಲ್ಕು ಗಿರಾಕಿಗಳ ಕಿವಿ ನೆಟ್ಟಗಾಗಿದ್ದವು, ಚಕ್ರ ಮಾರಿದವನೂ ಅಲ್ಲೇ ಇದ್ದ. ಬಿಟ್ಟುಕೊಟ್ಟರೆ ಮರ್ಯಾದೆ ಉಳಿಯುವುದಿಲ್ಲ ಅನ್ನಿಸಿತು. ‘ಸರಿ, ನೋಡೇಬಿಡೋಣ’ ಅಂದ. ಅಪ್ಪನ ಕಾಲದ ಜೋಡಿ ಕತ್ತಿಗಳಿದ್ದವು, ಒಂದೇ ಉಕ್ಕು, ಒಂದೇ ತೂಕ. ಒಂದು ಚಕ್ರಕ್ಕೆ, ಒಂದು ಕಲ್ಲಿಗೆ. ಶನಿವಾರ ಗುಮಾಸ್ತರು ಬರುತ್ತಾರೆ. ಗುಮಾಸ್ತರು ಅಂದರೆ ಕೋರ್ಟಿನಲ್ಲಿದ್ದು ನಿವೃತ್ತರಾದ ಹಿರಿಯರು. ಅವರ ಚರ್ಮ ಎಷ್ಟು ಸೂಕ್ಷ್ಮ ಅಂದರೆ ಗಾಳಿ ಜೋರಾಗಿ ಬೀಸಿದರೂ ಕೆಂಪಗಾಗುತ್ತದೆ ಅಂತ ಅಂಗಡಿಯಲ್ಲಿ ತಮಾಷೆ. ಅವರ ಬಲಗೆನ್ನೆ ಚಕ್ರಕ್ಕೆ, ಎಡಗೆನ್ನೆ ಕಲ್ಲಿಗೆ. ಎರಡನ್ನೂ ಹೆರೆಯುವವನು ತಮ್ಮನೇ. ಚಕ್ರ ಗೆದ್ದರೆ ಅಕ್ಕ ಕೋಣೆ ಬಿಡಬೇಕು.

‘ಕಲ್ಲು ಗೆದ್ದರೆ?’ ಅಂದಳು ಅಕ್ಕ.

‘ರೂಮು ನಿನ್ನದೇ.’

‘ಅದು ಈಗಲೂ ನಂದೇ. ಇರಲಿ, ಶನಿವಾರ ಬರಲಿ.’

ಈಗ ಆ ಹಾರ್ಡ್‌ವೇರ್ ಅಂಗಡಿಯವನ ಘನಂದಾರಿ ಕೆಲಸಕ್ಕೆ ಬರೋಣ. ಚಕ್ರ ಮಾರಿದ್ದು ಅವನಿಗೆ ಒಳಗೊಳಗೇ ಚುಚ್ಚುತ್ತಿತ್ತು. ವ್ಯಾಪಾರ ವ್ಯಾಪಾರವೇ, ಆದರೂ ದಿನಾ ಬೆಳಿಗ್ಗೆ ಶಟರ್ ಎತ್ತುವಾಗ ಎದುರಿಗೆ ಅವಳ ಮುಖ ನೋಡಬೇಕಲ್ಲ. ಬುಧವಾರ ಅವಳ ಕೋಣೆಗೆ ಹೋದ. ತಾಯಿ ಕಲ್ಲಿನ ಅಡಿಭಾಗ ಏರುಪೇರು, ಅವಳು ಒದ್ದೆ ಬಟ್ಟೆ ಮಡಚಿ ಅದರ ಮೇಲಿಟ್ಟು ಮಸೆಯುತ್ತಿದ್ದಳು. ಅದನ್ನು ನೋಡಿ ಅವನಿಗೆ ಉಪಕಾರ ಮಾಡುವ ದಾರಿ ಹೊಳೆಯಿತು.

‘ಅಕ್ಕ, ಶನಿವಾರ ಕಲ್ಲು ಅಲುಗಾಡಬಾರದು. ಒಂದು ದಿನಕ್ಕೆ ಕೊಡಿ. ಬಡಗಿ ಹತ್ತಿರ ಇದರ ಅಳತೆಗೇ ಮರದ ತೊಟ್ಟಿಲು ಕೊರೆಸಿ ತಂದುಕೊಡ್ತೀನಿ.’

‘ಈ ಕಲ್ಲು ಈ ಕೋಣೆ ಬಿಟ್ಟು ಎಲ್ಲೂ ಹೋಗಿಲ್ಲ.’

‘ನನ್ನ ಅಂಗಡಿ ಇಪ್ಪತ್ತು ಹೆಜ್ಜೆ ಅಕ್ಕ. ನನ್ನ ಕಣ್ಣಿನ ಹಾಗೆ ನೋಡ್ಕೋತೀನಿ.’

ಅವಳು ಅವನ ಕಣ್ಣನ್ನು ಒಂದು ಸಲ ನೋಡಿದಳು, ಅಷ್ಟೇನೂ ನಂಬಿಕೆ ಬರುವ ಕಣ್ಣಲ್ಲ. ಆದರೆ ಕಲ್ಲು ಅಲುಗಾಡುವುದು ನಿಜವೇ ಆಗಿತ್ತು. ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಮರಿ ಕಲ್ಲನ್ನು ಮಾತ್ರ ಕೊಡಲಿಲ್ಲ, ಅದು ಅವಳ ಜೇಬಿನಲ್ಲೇ ಉಳಿಯಿತು.

ಬಡಗಿ ಅಚ್ಚುಕಟ್ಟಾಗಿ ತೊಟ್ಟಿಲು ಮಾಡಿಕೊಟ್ಟ. ಅಷ್ಟಕ್ಕೇ ನಿಲ್ಲಿಸಿದ್ದರೆ ಇದನ್ನು ಬರೆಯುವ ಕೆಲಸವೇ ಇರುತ್ತಿರಲಿಲ್ಲ. ಅವನ ಅಂಗಡಿಯಲ್ಲಿ ಬಡಗಿಗಳಿಗೆ ಮಾರುವ ಸಾಣೆ ಕಲ್ಲುಗಳಿವೆ. ಅವು ಎಣ್ಣೆ ಕಲ್ಲುಗಳು. ಹೊಸದು ಬಂದರೆ ತೆಳು ಎಣ್ಣೆಯಲ್ಲಿ ಮುಳುಗಿಸಿಟ್ಟು, ಕುಡಿದು ತಣಿದ ಮೇಲೆ ಒರೆಸಿ ಕೊಡುವುದು ಅವನ ಅಪ್ಪನ ಕಾಲದ ರೂಢಿ. ಒಣಗಿದ ಕಲ್ಲು ಕಂಡರೆ ಅವನ ಕೈ ತಾನಾಗಿ ಎಣ್ಣೆ ಡಬ್ಬಕ್ಕೆ ಹೋಗುತ್ತದೆ. ಪಾಪ, ನಲವತ್ತು ವರ್ಷ ಬರೀ ನೀರು ಕುಡಿದ ಕಲ್ಲು, ಒಂದು ದಿನವಾದರೂ ಒಳ್ಳೆಯದು ಕುಡಿಯಲಿ ಅಂದುಕೊಂಡ. ತಾಯಿ ಕಲ್ಲನ್ನು ಎಣ್ಣೆಯ ತಟ್ಟೆಯಲ್ಲಿ ಮಲಗಿಸಿ, ಮೇಲೆ ಇನ್ನಷ್ಟು ಸುರಿದು, ಮಾರನೇ ದಿನ ಮಧ್ಯಾಹ್ನದವರೆಗೂ ಹಾಗೇ ಬಿಟ್ಟ.

ಗುರುವಾರ ತೊಟ್ಟಿಲ ಸಮೇತ ತಂದು ಮಣೆಯ ಮೇಲಿಟ್ಟು, ಶಹಭಾಸ್ ಅನ್ನಿಸಿಕೊಳ್ಳಲು ನಿಂತ. ಕಲ್ಲು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಸಾಣೆಯಕ್ಕ ಬೆರಳದ್ದಿ ಒಂದು ಹನಿ ನೀರು ಬಿಟ್ಟಳು. ನೀರು ಮಣಿಯಾಗಿ ಉರುಳಿ ಆಚೆ ಬಿದ್ದುಹೋಯಿತು. ಇನ್ನೊಂದು ಹನಿ ಬಿಟ್ಟಳು, ಅದೂ ಉರುಳಿತು. ಮರಿ ಕಲ್ಲು ತೆಗೆದು ಉಜ್ಜಿದಳು. ಹಾಲು ಬರಲಿಲ್ಲ. ಕರ್ರಗೆ ಒಂದು ಜಿಡ್ಡು ಬಂತು.

ಅವಳು ಆ ಜಿಡ್ಡನ್ನು ಬೆರಳಿಗೆ ತೆಗೆದು ಮೂಗಿಗೆ ಹಿಡಿದು ನೋಡಿದಳು. 

‘ಸಾಹುಕಾರ, ನೀನು ಹಸುವಿಗೆ ಪೆಟ್ರೋಲ್ ಕುಡಿಸಿ ಹಾಲು ಕರೀತೀಯಾ?’

‘ಸೋಡಾ ಹಾಕಿ ತೊಳೆದರೆ ಹೋಗತ್ತೆ ಅಕ್ಕ. ಸೀಮೆಎಣ್ಣೆ ಹಾಕಿ ಉಜ್ಜಿದರೆ...’

‘ಎಣ್ಣೆ ತೆಗೆಯೋಕೆ ಇನ್ನೊಂದು ಎಣ್ಣೆ!’ ಅಂದಳು. ‘ಮೇಲಿಂದು ತೊಳೆದರೆ ಹೋಗತ್ತೆ. ಕುಡಿದದ್ದು ಎಲ್ಲಿಗೆ ಹೋಗತ್ತೆ? ಒಂದು ದಿನ ಪೂರ್ತಿ ಕುಡಿಸಿದೀಯ. ಮುಟ್ಟಿದ್ದು ಸಾಕು, ಕೈ ತೆಗಿ.’

ಅವನು ಕೈ ತೆಗೆದ. ಆಮೇಲೆ ಅವಳೇ ಸೋಪು, ಸೋಡಾ, ಬಿಸಿನೀರು ಎಲ್ಲ ಹಾಕಿ ಸಂಜೆಯವರೆಗೂ ತೊಳೆದಳು. ಒಣಗಿದ ಕೂಡಲೇ ಒಳಗಿನಿಂದ ಎಣ್ಣೆ ಮತ್ತೆ ಬೆವರಿತು.

ಸುದ್ದಿ ಕೇಳಿ ತಮ್ಮ ಕೈಯಲ್ಲಿದ್ದ ಬಾಚಣಿಗೆ ಸಮೇತ ಒಳಗೆ ಬಂದ. ಅವನ ಮುಖವೇ ಇಳಿದುಹೋಗಿತ್ತು. ಅದು ಅವನ ಅಪ್ಪನ ಕಲ್ಲೂ ಹೌದು.

‘ಬಿಡಕ್ಕ. ಶನಿವಾರದ ಮಾತು ಬಿಡು. ಕಲ್ಲೇ ಇಲ್ಲದ ಮೇಲೆ ಎಂಥ ಪಂದ್ಯ? ನೀನು ಸೋತೆ ಅಂತ ಯಾರೂ ಅನ್ನಲ್ಲ.’

ಕೋಣೆ ಹೋಗಿದ್ದರೂ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ, ಈ ಕನಿಕರ ನೋಯಿಸಿತು. ಅವಳು ಮರಿ ಕಲ್ಲನ್ನು ಮುಷ್ಟಿಯಲ್ಲಿ ಹಿಡಿದು ಎದ್ದು ನಿಂತಳು. ‘ನನ್ನ ಪರವಾಗಿ ನೀನು ಶನಿವಾರ ರದ್ದು ಮಾಡಬೇಡ’ ಅಂದಳು. ಪರದೆ ಸರಿಸಿ, ಗಿರಾಕಿಗಳ ನಡುವೆ, ಕುರ್ಚಿಗಳ ನಡುವೆ ನಡೆದುಕೊಂಡು ಬೀದಿಯ ಕಡೆ ಹೊರಟಳು. ಮನೆಗೆ ಹೊರಟಳೇನೋ ಅಂದುಕೊಂಡರು. ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು. ಕೆಳಗೆ ನೋಡಿದಳು. ನಲವತ್ತು ವರ್ಷ ದಾಟಿ ಓಡಾಡಿದ ಕಲ್ಲು.

ಕುಕ್ಕರಗಾಲಲ್ಲಿ ಕೂತು ಹೊಸ್ತಿಲ ಮೇಲೆ ಉಗುಳಿದಳು. ಮರಿ ಕಲ್ಲಿನಿಂದ ಉಜ್ಜಿದಳು. ಬೂದು ಹಾಲು ಎದ್ದಿತು.

‘ತಮ್ಮಾ,’ ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು, ‘ಆ ಬೆಂಚು ಎತ್ತು. ಎಡ ರೆಕ್ಕೆ ತೆಗಿ.’

ವರ್ಷಗಟ್ಟಲೆ ಮುಚ್ಚಿದ್ದ ರೆಕ್ಕೆ ಕಿರುಚಿಕೊಂಡು ತೆರೆಯಿತು. ಅದರ ಕೆಳಗೆ ಎರಡಡಿ ಕಲ್ಲು, ಯಾರ ಕಾಲೂ ಬೀಳದ ಕಲ್ಲು, ಧೂಳು ಮತ್ತು ಸುಣ್ಣದ ಕಲೆ ಬಿಟ್ಟರೆ ಅಪ್ಪ ಹಾಕಿಸಿದ ದಿನ ಹೇಗಿತ್ತೋ ಹಾಗೇ.

ಶುಕ್ರವಾರ ಬೆಳಿಗ್ಗೆ ಎದುರು ಸಾಲಿಗೆ ಇನ್ನೊಂದು ಕೂಗು ಬಂತು. ‘ಸಾಹುಕಾರ! ಉಪ್ಪುಕಾಗದ ತಗೊಂಡು ಬಾ. ಒರಟಿಂದ ಹಿಡಿದು ಅತಿ ನಯದ್ದರವರೆಗೆ ಇರೋದೆಲ್ಲ. ಎಣ್ಣೆ ಹಚ್ಚಬೇಡ.’

ಬೀದಿ ನಕ್ಕಿತು. ಅವನು ಉಪ್ಪುಕಾಗದದ ಕಟ್ಟು ಎದೆಗವಚಿಕೊಂಡು ಇಪ್ಪತ್ತು ಹೆಜ್ಜೆ ನಡೆದ. ಅಷ್ಟು ಉದ್ದದ ಇಪ್ಪತ್ತು ಹೆಜ್ಜೆಯನ್ನು ಅವನು ಅದಕ್ಕೆ ಮುಂಚೆ ನಡೆದಿರಲಿಲ್ಲ.

ಅವಳು ಹೊಸ್ತಿಲ ಎಡತುದಿಯ ಮೇಲೆ ಪೆನ್ಸಿಲಿನಿಂದ ಅಡ್ಡಡ್ಡ ಉದ್ದುದ್ದ ಗೆರೆ ಎಳೆದಳು. ಒಂದು ಸಪಾಟು ಹಲಗೆಗೆ ಉಪ್ಪುಕಾಗದ ಸುತ್ತಿ, ನೀರು ಬಿಟ್ಟು ಉಜ್ಜಿದಳು. ಗೆರೆ ಅಳಿಸಿದ ಕಡೆ ಉಬ್ಬು, ಉಳಿದ ಕಡೆ ತಗ್ಗು. ಎಲ್ಲ ಗೆರೆ ಒಟ್ಟಿಗೇ ಅಳಿಸುವವರೆಗೆ ಮತ್ತೆ ಎಳೆಯುವುದು, ಮತ್ತೆ ಉಜ್ಜುವುದು. ಉಕ್ಕಿನ ಸ್ಕೇಲು ನಿಲ್ಲಿಸಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ, ಕೆಳಗೆ ಬೆಳಕು ನುಸುಳುತ್ತದೆಯೇ ಅಂತ ನೋಡಿದಳು. ಬರುವ ಹೋಗುವ ಗಿರಾಕಿಗಳೆಲ್ಲ ಅವಳ ಪಕ್ಕದಲ್ಲೇ ಕಾಲೆತ್ತಿ ದಾಟಬೇಕಾಯಿತು.

‘ಯಾರಪ್ಪ ಈಯಮ್ಮ? ನೆಲ ಒರೆಸೋರಾ?’ ಅಂತ ಒಬ್ಬ ಕೇಳಿದ.

‘ನಿನ್ನ ಗಡ್ಡ ಹದಿನೆಂಟು ವರ್ಷದಿಂದ ತೆಗೀತಿರೋಳು,’ ಅಂದಳು ತಲೆ ಎತ್ತದೆ.

ಅವನು ಕುರ್ಚಿಗೆ ಹೋಗಿ ಕೂತು, ಕನ್ನಡಿಯಲ್ಲಿ ತಮ್ಮನ ಮುಖ ನೋಡಿದ. ತಮ್ಮ ಬ್ರಷ್ಷಿನಿಂದ ಸೋಪು ತಿರುಗಿಸುತ್ತಾ, ‘ನಮ್ಮಕ್ಕ’ ಅಂದ. ಸ್ವಲ್ಪ ತಡೆದು, ‘ಕತ್ತಿ ಎಲ್ಲ ಅವಳದ್ದೇ ಕೈ’ ಅಂತಲೂ ಸೇರಿಸಿದ. ಅಷ್ಟು ವರ್ಷದಲ್ಲಿ ಅವನು ಅದನ್ನು ಗಿರಾಕಿಗೆ ಹೇಳಿದ್ದು ಅದೇ ಮೊದಲು.

ಶನಿವಾರ ಹತ್ತು ಗಂಟೆಗೆ ಅಂಗಡಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಬೇರೆ ಕ್ಷೌರದಂಗಡಿಗಳವರೂ ಬಂದಿದ್ದರು. ತಮ್ಮ ಚಕ್ರ ಹಾಕಿದ. ಅದು ಗುಂಯ್ಯೆಂದು ತಿರುಗಿತು, ಹಸಿರು ಮುಲಾಮಿನ ವಾಸನೆ ಹರಡಿತು, ಐದು ನಿಮಿಷಕ್ಕೆ ಕತ್ತಿ ಬೆಳ್ಳಿಯ ಹಾಗೆ ಮಿಂಚಿತು. ಜನ ವಾಹ್ ಅಂದರು. ಸಾಣೆಯಕ್ಕ ಅಷ್ಟು ಹೊತ್ತಿಗಾಗಲೇ ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ಕೂತು ಮುಕ್ಕಾಲು ಗಂಟೆಯಾಗಿತ್ತು. ಹಾಲು ತೆಳುವಾಗುತ್ತಾ ಬಂದಿತ್ತು. ಒಬ್ಬ ಯುವಕ ಬಗ್ಗಿ, ಹೆಬ್ಬೆರಳು ಮುಂದೆ ಚಾಚಿ ‘ನೋಡೋಣ ಎಷ್ಟು...’ ಅನ್ನುವಷ್ಟರಲ್ಲಿ ಹಾರ್ಡ್‌ವೇರ್ ಅಂಗಡಿಯವನೇ ಅವನ ಕೈ ಹಿಡಿದು ಎಳೆದ. ಅಂಗಡಿಯವನ ಗೆಣ್ಣಿಗೆ ಹಳೆಯ ಏಟಿನ ನೆನಪಿತ್ತು. ಅವಳು ಕಡೆಯ ಹನಿ ಬಿಟ್ಟಳು. ಹೊಸ್ತಿಲು ಕತ್ತಿಯನ್ನು ಹಿಡಿದುಕೊಂಡಿತು, ಸದ್ದು ನಿಂತಿತು. ಪಟ್ಟಿಯ ಮೇಲೆ ಎಳೆದು, ಮಡಚಿ, ಹಿಂದೆ ತಿರುಗದೆ ಭುಜದ ಮೇಲಿಂದ ಚಾಚಿದಳು. ತಮ್ಮ ಬಂದು ತೆಗೆದುಕೊಂಡ.

ಗುಮಾಸ್ತರು ಕುರ್ಚಿಯಲ್ಲಿ ಒರಗಿದರು. ಬಲಗೆನ್ನೆಗೆ ಚಕ್ರದ ಕತ್ತಿ ಇಳಿಯಿತು. ಗುಮಾಸ್ತರ ಬಾಯಿಯೂ ಶುರುವಾಯಿತು.

‘ನಿಧಾನ ಕಣಯ್ಯ. ನಿನ್ನ ಹೊಸ ಮೆಷಿನ್ನು ನನ್ನ ಮೇಲೇ ಯಾಕೆ? ಅಲ್ಲಿ, ದವಡೆ ಹತ್ತಿರ, ಎಳೀತಿದೆ. ಅದು ಕೆನ್ನೆ ಕಣೋ, ಕೋರ್ಟಿನ ಫೈಲಲ್ಲ. ಅಬ್ಬಾ.’ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು.

ತಮ್ಮ ಕತ್ತಿ ಬದಲಿಸಿದ, ಎಡಗಡೆಗೆ ಬಂದ. ಕಿವಿಯ ಕೆಳಗಿನಿಂದ ಮೊದಲ ಎಳೆತ. ಗುಮಾಸ್ತರು ಏನೋ ಹೇಳಲು ಬಾಯಿ ತೆರೆದರು, ಹೇಳಲಿಲ್ಲ. ಎರಡನೇ ಎಳೆತ. ಮೂರನೆಯದು. ಕೈ ಹಿಡಿ ಬಿಟ್ಟು ತೊಡೆಯ ಮೇಲೆ ಬಂತು. ಗಲ್ಲದ ಮೂಲೆಗೆ ಬರುವಷ್ಟರಲ್ಲಿ ಸಣ್ಣಗೆ ಗೊರಕೆ ಕೇಳಿಸಿತು.

 ಎಲ್ಲರೂ ತಮ್ಮನ ಮುಖ ನೋಡಿದರು. ಅವನು ಯಾರ ಮುಖವನ್ನೂ ನೋಡಲಿಲ್ಲ. ಗುಮಾಸ್ತರನ್ನು ಎಬ್ಬಿಸಿ ಕೇಳಬಹುದಿತ್ತು, ನಕ್ಕು ತಳ್ಳಿಹಾಕಬಹುದಿತ್ತು, ವಯಸ್ಸಾದವರು ನಿದ್ದೆ ಬಂತು ಅನ್ನಬಹುದಿತ್ತು. ಅವನು ಮಾಡಿದ್ದು ಬೇರೆ. ಮುಗಿದಿದ್ದ ಬಲಗೆನ್ನೆಗೆ ಮತ್ತೆ ಸೋಪು ಹಚ್ಚಿದ. ಅಕ್ಕನ ಕತ್ತಿಯನ್ನೇ ಹಿಡಿದುಕೊಂಡು ಆ ಕಡೆ ಹೋಗಿ, ಚಕ್ರ ಬಿಟ್ಟುಹೋದದ್ದನ್ನೆಲ್ಲ ಮೊದಲಿನಿಂದ ತೆಗೆದ. ಕಸಬು ಗೊತ್ತಿದ್ದವನು. ಕೈಗೆ ಗೊತ್ತಾದದ್ದನ್ನು ಬಾಯಲ್ಲಿ ಸುಳ್ಳಾಗಿಸಲು ಅವನಿಂದ ಆಗಲಿಲ್ಲ.

ಕತ್ತಿ ಒರೆಸಿ, ಮಡಚಿ, ಬಾಗಿಲ ಹತ್ತಿರ ಬಂದ. ಅಕ್ಕ ಇನ್ನೂ ಬೀದಿಗೇ ಮುಖ ಮಾಡಿ ಕೂತಿದ್ದಳು, ಯಾರದೋ ಇನ್ನೊಂದು ಕತ್ತಿ ಕೈಗೆತ್ತಿಕೊಂಡಾಗಿತ್ತು.

‘ಏಳಕ್ಕ. ಒಳಗೆ ನಡಿ. ರೂಮು ನಿನ್ನದೇ.’

‘ರೂಮು ನಂದೇ ಅಂತ ಸೋಮವಾರವೇ ಹೇಳಿದೆ.’

‘ಸರಿ, ಹಾಗಾದರೆ ಏಳು. ಜನ ಓಡಾಡಬೇಕು.’

‘ದಾಟಿಕೊಂಡು ಓಡಾಡಲಿ.’ ಅವಳು ಮರಿ ಕಲ್ಲು ತಿರುಗಿಸಿದಳು. ‘ರೂಮೂ ನಂದು, ಇದೂ ನಂದು. ಪರದೆ ಹಿಂದೆ ಕೂತು ಸಾಕಾಯ್ತು. ಅರ್ಜೆಂಟ್ ಇರೋರು ನಿನ್ನ ಚಕ್ರದ ಹತ್ತಿರ ಹೋಗಲಿ.’

ಅಷ್ಟರಲ್ಲಿ ಒಳಗೆ ಗುಮಾಸ್ತರು ಎಚ್ಚರಾಗಿ ಎರಡೂ ಕೆನ್ನೆ ಸವರಿಕೊಂಡು, ‘ಯಾವುದಪ್ಪ ಗೆದ್ದಿದ್ದು? ನನ್ನ ಅಭಿಪ್ರಾಯ ಏನಂದರೆ...’ ಅಂತ ಗಂಟಲು ಸರಿಮಾಡಿಕೊಂಡರು.

‘ಗುಮಾಸ್ತರೇ,’ ಅಂತ ಹೊಸ್ತಿಲಿಂದ ಶಿಳ್ಳೆ ಮಿಶ್ರಿತ ದನಿ ಬಂತು, ‘ನಿಮ್ಮ ಕೆನ್ನೆ ಆಗಲೇ ಹೇಳಿಯಾಯ್ತು. ನೀವು ಸುಮ್ಮನಿರಿ.’

ಇದಾಗಿ ಮೂರು ವರ್ಷ. ಚಕ್ರ ಅಂಗಡಿಯಲ್ಲೇ ಇದೆ, ಕತ್ತರಿಗಳಿಗೆ ಉಪಯೋಗಿಸುತ್ತಾರೆ. ಕತ್ತರಿಗೆ ಅದು ಒಳ್ಳೆಯದೇ ಅಂತ ಸಾಣೆಯಕ್ಕನೂ ಒಪ್ಪುತ್ತಾಳೆ. ತಮ್ಮನಿಗಾಗಿ ತರಿಸಿದ್ದ ತಲೆ ತೊಳೆಯುವ ಕುರ್ಚಿ ಹಾರ್ಡ್‌ವೇರ್ ಅಂಗಡಿಯ ಗೋಡೌನಿನಲ್ಲಿ ಧೂಳು ಹಿಡಿದಿದೆ. ಅವಳು ಬಿಸಿಲಿರುವಾಗ ಹೊಸ್ತಿಲ ಮೇಲೆ ಕೂರುತ್ತಾಳೆ, ಗಾಳಿ ಧೂಳು ಎಬ್ಬಿಸಿದರೆ ಒಳಗೆ ಹೋಗಿ ಕತ್ತಿಗಳ ಒರಟು ಕೆಲಸ ಮುಗಿಸುತ್ತಾಳೆ. ಮಳೆ ಬಂದ ದಿನ ಕೊನೆಯ ಕೆಲಸ ನಿಂತುಹೋಗುತ್ತದೆ. ಅಂಥ ದಿನ ಮೊದಲು ಇರಲಿಲ್ಲ. ಮೊಣಕಾಲು ನೋಯುತ್ತದೆ, ನೆಲಕ್ಕೆ ಬಗ್ಗಬೇಕಲ್ಲ. ಕೇಳಿದರೆ ಒಪ್ಪುವುದಿಲ್ಲ.

ತಾಯಿ ಕಲ್ಲು ಕಿಟಕಿಯ ಕಟ್ಟೆಯ ಮೇಲೆ, ಬಡಗಿಯ ತೊಟ್ಟಿಲಲ್ಲಿ ಮಲಗಿದೆ. ಬೇಸಿಗೆಯಲ್ಲಿ ಈಗಲೂ ಬೆವರುತ್ತದೆ. ಹಾರ್ಡ್‌ವೇರ್ ಅಂಗಡಿಯವನು ಸರಕು ತರಲು ಹೋದ ಕಡೆಯಿಂದೆಲ್ಲ ಕಲ್ಲು ಹೊತ್ತು ತಂದಿದ್ದಾನೆ, ನದಿಯದು, ಗಣಿಯದು, ಕೆಡವಿದ ಮನೆಗಳ ಮೆಟ್ಟಿಲಿನದು. ಇಲ್ಲಿಯವರೆಗೆ ಹದಿನಾರು. ಪ್ರತಿಯೊಂದರ ಮೇಲೂ ಅವಳು ಉಗುಳು ಹಚ್ಚಿ, ಮರಿ ಕಲ್ಲಿನಿಂದ ಎರಡು ಸುತ್ತು ಉಜ್ಜಿ, ‘ಇದು ಬಟ್ಟೆ ಒಗೆಯೋಕೆ ಆಗತ್ತೆ, ತಗೊಂಡು ಹೋಗು’ ಅಂತ ವಾಪಸ್ ತಳ್ಳಿದ್ದಾಳೆ.

ಇದನ್ನು ಬರೆದವನು ಅವಳಿಗೆ ಒಂದು ಕಲ್ಲು ಕೊಡಬೇಕು. ಇನ್ನೂ ಕೊಟ್ಟಿ‍ಲ್ಲ.